ಕಲ್ಲು ಕುಟ್ಟಿದ ಮರುದಿನದ ಹಿಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಶೆಡ್ಡಿನೊಳಗೆ ಸುಣ್ಣಕ್ಕ ಟಬ್ಬಿನಿಂದ ಒಂದು ಚಿಟಿಕೆ ಹಿಟ್ಟು ತೆಗೆದು, ಮುಂದಿನ ಹಲ್ಲುಗಳ ನಡುವೆ ಇಟ್ಟು ಮೆಲ್ಲಗೆ ಕಡಿಯುತ್ತಾರೆ. ಕಡಿದವರು ಹಾಗೇ ನಿಂತುಬಿಡುತ್ತಾರೆ. ಟಬ್ಬಿನ ಇನ್ನೊಂದು ಬದಿಯಿಂದ ಮತ್ತೊಂದು ಚಿಟಿಕೆ. ಈ ಸಲ ಸದ್ದು ನನಗೂ ಕೇಳಿಸುತ್ತದೆ. ಕರಕ್.

“ಅತ್ತಿಗೆ, ನಿನ್ನೆ ಸಂಜೆ ಬೀಸಿದ ಹಿಟ್ಟು ಎಲ್ಲಿಟ್ರಿ?”

ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿರುವ ಸುಣ್ಣಕ್ಕನ ಅತ್ತಿಗೆ ತಲೆ ಎತ್ತದೆ ಹೇಳುತ್ತಾರೆ: “ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೆ. ಇವತ್ತಿನ ಎರಡು ಟಬ್ಬಿಗೂ ಅರ್ಧರ್ಧ ಸೇರಿಸಿದೆ.”

ಸುಣ್ಣಕ್ಕ ಬೈಯುವುದಿಲ್ಲ. ಬಾಗಿಲ ಕಡೆ ನೋಡುತ್ತಾರೆ, ಅಷ್ಟೇ. ಎರಡರಲ್ಲಿ ಒಂದು ಟಬ್ಬು ಆಗಲೇ ಗಾಡಿ ಹತ್ತಿ ಹೋಗಿದೆ. ಅದು ಹೊರಡುವಾಗ ನಾನು ಇವರೆದುರು ಕೂತು ಅದೂ ಇದೂ ಕೇಳಿ ತಲೆ ತಿನ್ನುತ್ತಿದ್ದೆ. ಆ ಟಬ್ಬಿನ ಹಿಟ್ಟನ್ನು ಹಲ್ಲಿಗಿಟ್ಟು ನೋಡುವುದು ಅವರಿಗೆ ಮರೆತೇ ಹೋಯಿತು.

ಈ ಶೆಡ್ಡಿಗೆ ನನ್ನನ್ನು ಕರೆತಂದದ್ದು ಬಾಯಿಚಪಲ. ನಮ್ಮ ಊರು ತೀರಾ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಇಂಥ ಊರಲ್ಲಿ ಒಳ್ಳೆಯ ಮೆಕ್ಸಿಕನ್ ಊಟ ಎಲ್ಲಿ ಸಿಗುತ್ತದೆ, ಹುಡುಕಿ ಬರೆಯಿರಿ ಎಂದು ಪತ್ರಿಕೆಯ ಪುರವಣಿಯವರು ಅಟ್ಟಿದರು. ಗೋಡೆಗೆ ಅಗಲ ಟೋಪಿ ನೇತುಹಾಕಿದ ಹೋಟೆಲುಗಳಲ್ಲೆಲ್ಲ ತಿಂದು ಹೊಟ್ಟೆ ಕೆಡಿಸಿಕೊಂಡೆ. ಟೋಪಿ ದೊಡ್ಡದಾದಷ್ಟೂ ಊಟ ಸಪ್ಪೆ. ಕಡೆಗೆ ಎರಡೇ ಎರಡು ಕಡೆ ನಾಲಿಗೆ ಚಪ್ಪರಿಸುವಂತಾಯಿತು: ಬಸ್ ನಿಲ್ದಾಣದ ಎದುರಿನ ಇಕ್ಕಟ್ಟಾದ ಹೋಟೆಲು, ಆಮೇಲೆ ಆಸ್ಪತ್ರೆಯ ಹಿಂದೆ ಅಕ್ಕತಂಗಿಯರಿಬ್ಬರು ನಡೆಸುವುದು. ಎರಡರಲ್ಲೂ ಟೋರ್ಟಿಯಾ, ಅಂದರೆ ಮಾಂಸವನ್ನೋ ಕಾಳುಪಲ್ಯವನ್ನೋ ಸುತ್ತಿಕೊಡುವ ಮೆಕ್ಕೆಜೋಳದ ತೆಳು ರೊಟ್ಟಿ, ಒಂದೇ ಹಿಟ್ಟಿನದು ಅನ್ನಿಸಿತು. ಹಿಟ್ಟು ಎಲ್ಲಿಯದೆಂದು ಕೇಳಿದರೆ ಎರಡೂ ಕಡೆಯವರು ಇದೇ ಓಣಿಯತ್ತ ಕೈ ತೋರಿಸಿದರು.

ಸುಣ್ಣಕ್ಕ ಅನ್ನುವುದು ಓಣಿಯವರು ಇಟ್ಟ ಹೆಸರು. ಒಣ ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ನೆನೆಯಲು ಬಿಟ್ಟು, ಬೆಳಿಗ್ಗೆ ಸಿಪ್ಪೆ ಬಿಡುವ ಹಾಗೆ ಉಜ್ಜಿ ತೊಳೆದು, ಜೋಡಿ ಕಲ್ಲಿನ ಯಂತ್ರದಲ್ಲಿ ಬೀಸುತ್ತಾರೆ. ಬೆರಳ ಸಂದಿಗಳೆಲ್ಲ ಬಿರಿದು ಬೆಳ್ಳಗಾಗಿವೆ. “ನಮ್ಮನೆಯವರು ಇದ್ದಾಗ ತಮಾಷೆ ಮಾಡೋರು. ನಿನ್ನ ಕೈ ಹಿಡ್ಕೊಂಡ್ರೆ ಗೋಡೆ ಮುಟ್ಟಿದ ಹಾಗಿರತ್ತೆ ಅಂತ” ಎಂದು ಅವರು ನಗುತ್ತ ಹೇಳಿದ್ದು ಈಗ ಅರ್ಧ ಗಂಟೆಯ ಹಿಂದೆ.

ಕೆಲಸ ಕಲಿತದ್ದು ಪಾತ್ರೆ ತೊಳೆಯುತ್ತಲೇ. ಊರಿನ ಮೊದಲ ಮೆಕ್ಸಿಕನ್ ಹೋಟೆಲಿನಲ್ಲಿ ಆ ದೇಶದಿಂದಲೇ ಬಂದ ವಯಸ್ಸಾದ ಅಡುಗೆಯಾಕೆ ಇದ್ದರಂತೆ. ಅವರ ಮಾತು ಇವರಿಗೆ ಬಾರದು, ಇವರದು ಅವರಿಗೆ ಬಾರದು. “ಮಾತು ಯಾಕೆ ಬೇಕು? ತಪ್ಪು ಮಾಡಿದ್ರೆ ಮೊಣಕೈಗೆ ಸೌಟಲ್ಲಿ ಒಂದು ಬೀಳೋದು. ಎರಡೂ ಮೊಣಕೈ ಊದ್ಕೊಳ್ಳೋ ಹೊತ್ತಿಗೆ ಎಲ್ಲಾ ಬಂತು.” ಆ ಹೋಟೆಲು ಮುಚ್ಚಿದಾಗ ಕುರ್ಚಿ ಮೇಜುಗಳನ್ನು ಯಾರು ಯಾರೋ ಒಯ್ದರು. ಈ ಭಾರದ ಕಲ್ಲು ಯಾರಿಗೂ ಬೇಡವಾಯಿತು. ಇವರು ತಂದಿಟ್ಟುಕೊಂಡರು.

ಆ ಕಲ್ಲೇ ಇವತ್ತು ಕೈಕೊಟ್ಟಿರುವುದು. ಕಲ್ಲು ಸವೆದರೆ ಹಿಟ್ಟು ಜಿಗಟಾಗುತ್ತದೆ. ಆಗ ಉಳಿ ಸುತ್ತಿಗೆ ಹಿಡಿದು ಅದರ ಗೆರೆಗಳನ್ನು ಮತ್ತೆ ಕುಟ್ಟಿ ಚೂಪು ಮಾಡಬೇಕು. ಕುಟ್ಟಿದ ಮೇಲೆ ಮೊದಲು ಬೀಸಿದ ಹಿಟ್ಟನ್ನು ಕಣ್ಣು ಮುಚ್ಚಿ ಎಸೆಯಬೇಕು, ಕಲ್ಲಿನ ಚೂರೆಲ್ಲ ಅದರಲ್ಲಿ ಬಂದಿರುತ್ತದೆ. ನಿನ್ನೆ ಸಂಜೆ ಕಲ್ಲು ಕುಟ್ಟಿ ಬೀಸಿದ್ದು ಅಂಥ ಹಿಟ್ಟೇ. ಅತ್ತಿಗೆ ಹೋದ ತಿಂಗಳಷ್ಟೇ ಕೈಜೋಡಿಸಲು ಬಂದವರು. ಎಸೆಯಬೇಕು ಅಂತ ಹೇಳಿದ್ದನ್ನು ಕೇಳಿಸಿಕೊಂಡಿದ್ದರು, ಯಾಕೆ ಅಂತ ಕೇಳಿರಲಿಲ್ಲ.

ಅದೂ ಇವತ್ತೇ ಆಗಬೇಕಿತ್ತು. ಗಾಡಿ ಹತ್ತಿ ಹೋದ ಟಬ್ಬು ಬಸ್ ನಿಲ್ದಾಣದ ಹೋಟೆಲಿನದು. ಅಲ್ಲಿನ ಯಜಮಾನರ ಭಾವಮೈದುನ ಹೊಸದಾಗಿ ಪಾಲುದಾರನಾಗಿದ್ದಾನೆ. ಕಾರ್ಖಾನೆಯಲ್ಲಿ ಮಾಡಿದ ಪ್ಯಾಕೆಟ್ ರೊಟ್ಟಿ ತರಿಸಿದರೆ ಬೀಸುವ ತಟ್ಟುವ ರಗಳೆಯೇ ಇಲ್ಲ ಅನ್ನುವುದು ಅವನ ವಾದ. ಇವತ್ತು ಬೆಳಿಗ್ಗೆ ಎರಡನ್ನೂ ತಿಂದು ನೋಡಿ ತೀರ್ಮಾನ ಮಾಡುವುದೆಂದು ಯಜಮಾನರು ಮೊನ್ನೆಯೇ ಸುಣ್ಣಕ್ಕನಿಗೆ ತಿಳಿಸಿದ್ದಾರೆ. ಆ ಹೋಟೆಲು ಕೈಬಿಟ್ಟರೆ ಅಕ್ಕತಂಗಿಯರ ಒಂದು ಟಬ್ಬನ್ನು ನಂಬಿಕೊಂಡು ಶೆಡ್ಡು ನಡೆಯುವುದಿಲ್ಲ.

ಫೋನು ಮಾಡಿದರೆ ಯಜಮಾನರು ಎತ್ತುವುದಿಲ್ಲ. ನನ್ನ ಸ್ಕೂಟರು ಹೊರಗಿದೆ. “ಹತ್ತಿ ಅಕ್ಕ” ಅನ್ನುತ್ತೇನೆ. ಹಿಟ್ಟಿನ ಕೈಯನ್ನೂ ಒರೆಸಿಕೊಳ್ಳದೆ ಹತ್ತುತ್ತಾರೆ.

ದಾರಿಯಲ್ಲಿ ಸಿಗುವ ಸಿಗ್ನಲ್ಲುಗಳೆಲ್ಲ ಕೆಂಪು. ನನ್ನ ಹೆಗಲು ಹಿಡಿದ ಕೈ ಬಿಗಿಯಾಗುತ್ತ ಹೋಗುತ್ತದೆ. “ಈಗ ಒಲೆ ಹಚ್ಚಿರ್ತಾರೆ” ಅನ್ನುತ್ತಾರೆ. ಮುಂದಿನ ಸಿಗ್ನಲ್ಲಿನಲ್ಲಿ, “ಈಗ ತಟ್ಟೋಕೆ ಶುರು ಮಾಡಿರ್ತಾರೆ.” ದೀಪ ಹಸಿರಾಗುವ ಮೊದಲೇ ನಾನು ಸ್ಕೂಟರನ್ನು ಮುಂದಕ್ಕೆ ಜರುಗಿಸುತ್ತೇನೆ. ಅವರ ಗಮನ ತಪ್ಪಿಸಿದವಳು ನಾನೇ ತಾನೆ.

ಹೋಟೆಲಿನಲ್ಲಿ ಒಬ್ಬರೇ ಗಿರಾಕಿ, ಬಸ್ ಚಾಲಕ. ಎದುರಿಗೆ ಬಿಸಿ ರೊಟ್ಟಿ, ಮೇಲೆ ಮೊಟ್ಟೆ. ಒಂದು ತುಂಡು ಮುರಿದು ಬಾಯಿಯ ಹತ್ತಿರ ಒಯ್ದಿದ್ದಾರೆ. ಸುಣ್ಣಕ್ಕ ನೆಟ್ಟಗೆ ಹೋಗಿ ಅವರ ಮಣಿಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟೆ ಎತ್ತಿಕೊಳ್ಳುತ್ತಾರೆ.

“ಏನಮ್ಮ, ನನ್ನ ಬಾಯಿಂದ ಕಿತ್ಕೊಳ್ಳೋ ಅಷ್ಟು ಹಸಿವಾ ನಿಮಗೆ?” ಚಾಲಕರು ಬೆಪ್ಪಾಗಿ ಕೇಳುತ್ತಾರೆ.

“ಅದರಲ್ಲಿ ಕಲ್ಲಿದೆಯಪ್ಪ. ಹಲ್ಲು ಹೋಗತ್ತೆ.”

ಅಡುಗೆಮನೆಯ ಬಾಗಿಲಲ್ಲಿ ಯಜಮಾನರು, ಅವರ ಬೆನ್ನಿಗೆ ಪ್ಯಾಕೆಟ್ ಹಿಡಿದ ಭಾವಮೈದುನ. ಯಜಮಾನರ ಮುಖ ಕಪ್ಪಿಟ್ಟಿದೆ. ಗಿರಾಕಿಯೆದುರು ಇಂಥ ಮಾತು ಯಾವ ಹೋಟೆಲಿನವರಿಗೆ ಬೇಕು?

“ಕಲ್ಲು ಕುಟ್ಟಿದ್ದೆ ಯಜಮಾನ್ರೇ. ಮೊದಲನೇ ಹಿಟ್ಟು ಎಸೆಯೋದ್ರಲ್ಲಿ ನನ್ನಿಂದ ತಪ್ಪಾಯ್ತು” ಅನ್ನುತ್ತಾರೆ ಸುಣ್ಣಕ್ಕ. ಅತ್ತಿಗೆಯ ಸುದ್ದಿ ಎತ್ತುವುದಿಲ್ಲ. “ಟಬ್ಬು ವಾಪಸ್ ತಗೊಂಡು ಹೋಗ್ತೀನಿ. ಇವತ್ತು ಅವರು ತಂದಿರೋ ಪ್ಯಾಕೆಟ್ಟೇ ಹಾಕಿ.”

ಭಾವಮೈದುನ ನಗು ಅಡಗಿಸಿಕೊಳ್ಳಲು ಪ್ಯಾಕೆಟ್ಟಿನ ಮೇಲಿನ ಅಕ್ಷರ ಓದತೊಡಗುತ್ತಾನೆ. ಯಜಮಾನರು ಟಬ್ಬಿನತ್ತ ಕೈ ತೋರಿಸಿ ಒಳಗೆ ಹೋಗುತ್ತಾರೆ. ನಾಳೆಯ ಮಾತು ಅವರೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ. ಚಾಲಕರಿಗೆ ಪ್ಯಾಕೆಟ್ ರೊಟ್ಟಿ ಬರುತ್ತದೆ. ತಿನ್ನುತ್ತಾರೆ, ಅರ್ಧ ಬಿಡುತ್ತಾರೆ.

ಶೆಡ್ಡಿಗೆ ಬಂದರೆ ಅತ್ತಿಗೆಯ ಕಣ್ಣು ಊದಿಕೊಂಡಿದೆ. “ನನ್ನ ಹೆಸರು ಹೇಳ್ಬೇಕಿತ್ತು. ನನ್ನಿಂದ ನಿನ್ನ ಕೆಲಸ ಹೋಗತ್ತೆ” ಅನ್ನುತ್ತಾರೆ.

“ನಿಮ್ಮ ಹೆಸರು ಹೇಳಿದ್ರೆ ಹಿಟ್ಟಿಂದ ಕಲ್ಲು ಎದ್ದು ಹೋಗ್ತಿತ್ತಾ? ಬನ್ನಿ, ಆ ಕಡೆ ಹಿಡೀರಿ.” ಇಬ್ಬರೂ ಸೇರಿ ಎರಡು ಟಬ್ಬನ್ನೂ ಗುಂಡಿಗೆ ಸುರಿಯುತ್ತಾರೆ. ಆಸ್ಪತ್ರೆಯ ಹಿಂದಿನ ಅಕ್ಕತಂಗಿಯರಿಗೆ ಫೋನಿನಲ್ಲೇ ವಿಷಯ ತಿಳಿಸುತ್ತಾರೆ. ಕಲ್ಲನ್ನು ಬಿಚ್ಚಿ, ತೊಳೆದು, ಗೆರೆ ಗೆರೆಗೂ ಕುಂಚ ಆಡಿಸಿ, ನೆನೆದು ಉಳಿದಿದ್ದ ಜೋಳವನ್ನು ಬೀಸುತ್ತಾರೆ. ಮಧ್ಯಾಹ್ನದ ಊಟಕ್ಕೆ ಇಬ್ಬರೂ ಕೂರುವುದಿಲ್ಲ. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತೇನೆ.

ಹೊತ್ತು ಇಳಿಯುವಾಗ ಯಜಮಾನರು ಒಬ್ಬರೇ ಬರುತ್ತಾರೆ. ಕೂರುವುದಿಲ್ಲ. “ಒಂದು ಸುಟ್ಟು ಕೊಡಿ ಅಕ್ಕ” ಅನ್ನುತ್ತಾರೆ. ಸುಣ್ಣಕ್ಕ ಉಂಡೆ ಒತ್ತಿ ಕಾವಲಿಗೆ ಹಾಕುತ್ತಾರೆ. ರೊಟ್ಟಿ ಉಬ್ಬುತ್ತದೆ. ಯಜಮಾನರು ಅಂಚು ಮುರಿದು, ನಾಲಿಗೆಯ ಮೇಲೆ ಹೊರಳಿಸಿ, ಕೋಳಿಮೊಟ್ಟೆಯ ಚಿಪ್ಪು ಹುಡುಕುವವರ ಹಾಗೆ ಅಗಿಯುತ್ತಾರೆ. ಎರಡನೇ ತುತ್ತು ಸ್ವಲ್ಪ ಬೇಗ ಹೋಗುತ್ತದೆ. ಮೂರನೆಯದಕ್ಕೆ ರೊಟ್ಟಿ ಮುಗಿದಿರುತ್ತದೆ.

“ಮಧ್ಯಾಹ್ನ ಬಂದವರೆಲ್ಲ ಅರ್ಧರ್ಧ ಬಿಟ್ಟು ಎದ್ರು” ಅನ್ನುತ್ತಾರೆ ಕೈ ಒರೆಸಿಕೊಂಡು. “ನಾಳೆಯಿಂದ ಕಳ್ಸಿ. ಭಾವಮೈದುನನಿಗೆ ನಾನು ಹೇಳ್ಕೊಳ್ತೀನಿ.”

ಅವರು ಓಣಿ ದಾಟುತ್ತಲೇ ಅತ್ತಿಗೆ ಅಳು ನಗು ಎರಡನ್ನೂ ಒಟ್ಟಿಗೆ ಶುರು ಮಾಡುತ್ತಾರೆ. ನನಗೂ ಹೋದ ಜೀವ ಬಂದಂತಾಗಿದೆ. ಸುಣ್ಣಕ್ಕನ ಮುಖ ಮಾತ್ರ ಅರಳಿಲ್ಲ. ಕೆಲಸ ಉಳಿಯಿತಲ್ಲ, ಇನ್ನೇನು ಚಿಂತೆ ಎಂದು ಕೇಳುತ್ತೇನೆ.

“ನೀವು ನೋಡ್ಲಿಲ್ವಾ ಮೇಡಂ, ಮೊದಲನೇ ತುತ್ತು ಹೆದರ್ಕೊಂಡು ತಿಂದ್ರು. ಇಷ್ಟು ವರ್ಷದಲ್ಲಿ ನನ್ನ ರೊಟ್ಟಿನ ಯಾರೂ ಹಾಗೆ ತಿಂದಿರ್ಲಿಲ್ಲ. ಏನೋ ಮಾತಾಡ್ತಾ, ನೋಡ್ದೇನೇ ಬಾಯಿಗೆ ಹಾಕ್ಕೋಬೇಕು ಅವರು. ಅಲ್ಲೀವರೆಗೂ ಟಬ್ಬು ನಾನೇ ತಗೊಂಡು ಹೋಗ್ತೀನಿ. ಮೊದಲನೇ ರೊಟ್ಟಿ ಅವರೆದುರಿಗೆ ನಾನೇ ತಿಂದು ಬರ್ತೀನಿ.”