ಹಲಗೆ ಹೇಳಿದ್ದು, ಬಳೆ ಹೇಳಿದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಳಿತದ ನೀರು ದೂರ ಸರಿದು, ಮೊಣಕಾಲುದ್ದದ ಕೆಸರು ಬಯಲಾಗಿದೆ. ಅದರ ನಡುವೆ ಕುಕ್ಕರಗಾಲಲ್ಲಿ ಕೂತ ಹೆಂಗಸೊಬ್ಬರು ಕಬ್ಬಿಣದ ಚೌಕಟ್ಟನ್ನು ಕೆಸರಿಗೆ ಒತ್ತಿ, ಅದರೊಳಗಿನ ಕಪ್ಪೆಚಿಪ್ಪುಗಳನ್ನು ಬೆರಳಲ್ಲೇ ಹೆಕ್ಕುತ್ತಾರೆ. ತೊಳೆದು, ಮಡಿಲಲ್ಲಿನ, ಅಳತೆಯ ಗೆರೆ ಕೊರೆದ ಮರದ ಹಲಗೆಯ ಮೇಲಿಟ್ಟು, ತುದಿಯಲ್ಲಿ ಹೊಡೆದ ಅಡ್ಡಪಟ್ಟಿಗೆ ಒತ್ತಿ ಅಗಲ ಓದುತ್ತಾರೆ.

"ಇಪ್ಪತ್ತೊಂಬತ್ತು. ಮೂವತ್ತೆರಡು. ಮೂವತ್ತೊಂದು."

ಪ್ರತಿ ಸಂಖ್ಯೆಯೂ ಮಿಲಿಮೀಟರು. ಹಿಂದೆ ಬುಟ್ಟಿ ಹಿಡಿದು ನಿಂತ ಇಪ್ಪತ್ತು ಹೆಂಗಸರು ಒಂದೊಂದನ್ನೂ ಬಾಯಲ್ಲೇ ಎಣಿಸಿಕೊಳ್ಳುತ್ತಿದ್ದಾರೆ. ಇದು ಈ ಸಲದ ಕೊನೆಯ ಎಣಿಕೆ. ಹತ್ತು ಗಂಟೆಗೆ ಸಂಶೋಧನಾ ಕೇಂದ್ರದಲ್ಲಿ ಸಭೆ. ಅರ್ಧಕ್ಕಿಂತ ಹೆಚ್ಚು ಚಿಪ್ಪು ಮೂವತ್ತಕ್ಕಿಂತ ಚಿಕ್ಕದಾಗಿದ್ದರೆ ನಾಲ್ಕು ತಿಂಗಳು ಈ ಕೆಸರಿಗೆ ಯಾರೂ ಕೈ ಹಾಕುವಂತಿಲ್ಲ.

ಎಲ್ಲರಿಗೂ ಇವರು 'ಅಳತೆಯಕ್ಕ'. ಹನ್ನೊಂದು ವರ್ಷದ ಹಿಂದೆ ಇವರೂ ಬುಟ್ಟಿ ಹೊರುತ್ತಿದ್ದವರೇ. ಕೆಸರಲ್ಲಿ ಕಾಲು ಹೂತು ಕಣಕಾಲು ಮುರಿದ ಮೇಲೆ ಭಾರ ಹೊರಲಾಗಲಿಲ್ಲ. ಕೇಂದ್ರದವರು ಎಣಿಕೆಗೆ ಕರೆದರು. ತಿಂಗಳಿಗೆ ಹನ್ನೆರಡು ಇಳಿತ, ಇಳಿತಕ್ಕೆ ಇನ್ನೂರು ಚಿಪ್ಪು. ನೋಟ್‌ಬುಕ್ಕಿನಲ್ಲಿ ಅಗಲದ ಪಕ್ಕ ನೀರಿನ ಬಿಸಿ, ಉಪ್ಪು. ಕೊನೆಯ ಕಾಲಂ ಅವರೇ ಕೇಳಿ ಹಾಕಿಸಿಕೊಂಡದ್ದು: ಇವತ್ತು ಎಷ್ಟು ಜನ ಅಗೆದರು, ಎಷ್ಟು ಜನ ಖಾಲಿ ಬುಟ್ಟಿಯಲ್ಲಿ ಹೋದರು.

"ಮೊದಲು ಕೇಂದ್ರದ ದೊಡ್ಡೋರು ದೋಣೀಲಿ ಬಂದು ಪರೀಕ್ಷೆಗೆ ನೀರು ತುಂಬ್ಕೊಂಡು ಹೋಗೋರು. ನಮ್ಮನ್ನ ಒಂದು ಮಾತು ಕೇಳ್ತಿರಲಿಲ್ಲ. ಮಗು ತೂಕ ನೋಡಿ, ತಾಯಿ ಉಂಡ್ಲಾ ಅಂತ ಕೇಳದಿದ್ರೆ ಹೇಗೆ?" ಎನ್ನುತ್ತಾರೆ. ಈಗ ಆ ಕಾಲಂ ಕೂಡ ಸಭೆಗೆ ಹೋಗುತ್ತದೆ. ಅಗೆತ ನಿಲ್ಲಿಸುವ ನಿಯಮವನ್ನೂ ವಿಜ್ಞಾನಿಗಳು, ಅಗೆಯುವವರು ಒಟ್ಟಿಗೆ ಕೂತೇ ಮಾಡಿದ್ದು. ಆದರೆ ಕೇಂದ್ರದ ವರದಿಯಲ್ಲಿ ಅಳತೆಯಕ್ಕನ ಹೆಸರಿಲ್ಲ. ಕೊನೆಯ ಪುಟದಲ್ಲಿ 'ಸ್ಥಳೀಯ ಸಹಾಯಕರು' ಎಂದಿದೆ, ಅಷ್ಟೆ.

ಎಣಿಕೆ ಮುಗಿಯುತ್ತದೆ. ಎರಡು ತಿಂಗಳ ಲೆಕ್ಕ ಸೇರಿಸಿದರೆ ನೂರಕ್ಕೆ ನಲವತ್ತೊಂದು ಚಿಕ್ಕವು. ಹೆಂಗಸರ ಭುಜಗಳು ಸಡಿಲವಾಗುತ್ತವೆ; ಬುಟ್ಟಿ ಎತ್ತಿಕೊಂಡು ದಡದತ್ತ ಹೊರಡುತ್ತಾರೆ.

ಅಳತೆಯಕ್ಕನ ನಾದಿನಿ ಮಾತ್ರ ಹಿಂದುಳಿದು ಹತ್ತಿರ ಬರುತ್ತಾರೆ. ಒಂದೇ ಮನೆ, ಒಂದೇ ಒಲೆ; ಆ ಮನೆಯ ಆರು ಹೊಟ್ಟೆಗಳಿಗೆ ನಾದಿನಿಯ ಬುಟ್ಟಿಯೇ ಮುಖ್ಯ ಆಧಾರ. ಅಗೆಯುವವರೆಲ್ಲರ ಸೊಂಟದಲ್ಲಿ ಮೂವತ್ತು ಮಿಲಿಮೀಟರಿನ ಕಬ್ಬಿಣದ ಬಳೆಯೊಂದು ತೂಗುತ್ತಿರುತ್ತದೆ. ಬಳೆಯೊಳಗಿಂದ ಜಾರಿಬಿದ್ದ ಚಿಪ್ಪು ಮರಿ ಎಂದು ಲೆಕ್ಕ, ಅದು ಮತ್ತೆ ಕೆಸರಿಗೆ. ನಾದಿನಿ ಹಲಗೆಯ ಪಕ್ಕದಿಂದ ಒಂದು ಚಿಪ್ಪನ್ನೆತ್ತಿ ಆಟಕ್ಕೆಂಬಂತೆ ಬಳೆಗೆ ಹಿಡಿಯುತ್ತಾರೆ. ಅದು ಸಲೀಸಾಗಿ ಜಾರಿಬೀಳುತ್ತದೆ.

"ಅತ್ತಿಗೆ, ಇದಕ್ಕೆ ಎಷ್ಟು ಅಂದ್ರಿ?"

"ಮೂವತ್ತೊಂದು."

"ಮತ್ತೆ ಬಿತ್ತಲ್ಲ? ನಿಮ್ಮ ಹಲಗೆ ಸುಳ್ಳೋ, ನನ್ನ ಬಳೆ ಸುಳ್ಳೋ?"

ಇನ್ನೊಂದು ಚಿಪ್ಪು. ಅದೂ ಬೀಳುತ್ತದೆ. ಅಳತೆಯಕ್ಕ ಹಲಗೆಯನ್ನು ತಿರುಗಿಸಿ ನೋಡುತ್ತಾರೆ. ಎರಡು ತಿಂಗಳ ಹಿಂದೆ ಅಡ್ಡಪಟ್ಟಿ ಕಿತ್ತುಬಂದಿತ್ತು. ಕೇಂದ್ರಕ್ಕೆ ಹೋಗಿಬಂದರೆ ಇಳಿತ ತಪ್ಪುತ್ತದೆಂದು ತಾವೇ ಹೊಸ ಪಟ್ಟಿ ಹೊಡೆದಿದ್ದರು. ಪಟ್ಟಿ ಸೊನ್ನೆಯ ಗೆರೆಯನ್ನು ಮುಚ್ಚಿ ಕೂತಿದೆ, ಮೂರು ಮಿಲಿಮೀಟರು ಮುಂದೆ. ಎರಡು ತಿಂಗಳಿಂದ ಪ್ರತಿ ಚಿಪ್ಪೂ ಮೂರು ಮಿಲಿಮೀಟರು ಹೆಚ್ಚಾಗಿಯೇ ನೋಟ್‌ಬುಕ್ಕಿಗೆ ಹೋಗಿದೆ.

ನಾದಿನಿಯ ನಗು ಆರುತ್ತದೆ. ಬಳೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸ್ವರ ತಗ್ಗಿಸಿ ಹೇಳುತ್ತಾರೆ: "ಬಿಡಿ ಅತ್ತಿಗೆ. ಯಾರೂ ನೋಡಿಲ್ಲ."

"ನೀನು ನೋಡಿದ್ಯಲ್ಲ."

"ನಾನು ನಿಮ್ಮನೆಯವಳು."

"ಅದಕ್ಕೇ ಭಯ. ಮನೆಯವಳಿಗೋಸ್ಕರ ಮುಚ್ಚಿಟ್ಟೆ ಅಂತಾಗುತ್ತೆ."

ಸಭೆಯ ಕೋಣೆ ಚಿಕ್ಕದು, ಫ್ಯಾನಿಗೆ ಸದ್ದೇ ಜಾಸ್ತಿ. ಯುವ ವಿಜ್ಞಾನಿ ನಗುಮುಖದಲ್ಲಿ ನಲವತ್ತೊಂದರ ಲೆಕ್ಕ ಓದಲು ಏಳುವಷ್ಟರಲ್ಲಿ ಅಳತೆಯಕ್ಕ ಹಲಗೆಯನ್ನು ಮೇಜಿನ ಮೇಲಿಡುತ್ತಾರೆ. "ಮೇಡಂ, ಓದ್ಬೇಡಿ. ಪಟ್ಟಿ ಹೊಡೆದೋಳು ನಾನು. ತಪ್ಪು ನಂದು. ಎಲ್ಲದ್ರಲ್ಲೂ ಮೂರು ಕಳೀಬೇಕು."

ವಿಜ್ಞಾನಿ ಉಕ್ಕಿನ ಅಳತೆಗೋಲು ತಂದು ನೋಡುತ್ತಾರೆ. ಮೂರೇ. ನಾಲ್ಕು ಸಾವಿರದ ಎಂಟುನೂರು ಸಾಲುಗಳಲ್ಲಿ ಮೂರು ಕಳೆದು ಕಂಪ್ಯೂಟರು ಉತ್ತರ ಕೊಡುತ್ತದೆ. ನೂರಕ್ಕೆ ಅರವತ್ತಮೂರು ಚಿಕ್ಕವು.

"ನಿನಗೆ ಕೇಂದ್ರದ ಸಂಬಳ ಇದೆ, ಸತ್ಯ ಹೇಳ್ತೀಯ," ಹಿಂದಿನ ಬೆಂಚಿನ ಮುದುಕಿಯೊಬ್ಬರ ಮಾತು. "ನಮ್ಮ ಪಾತ್ರೆಗೆ ಯಾರು ಅಕ್ಕಿ ಹಾಕ್ತಾರೆ? ಆ ಹಲಗೇನ ನಂಬೋದಾದ್ರೂ ಹೇಗೆ, ನಾಳೆ ಇನ್ನೊಂದು ಹೇಳುತ್ತೆ."

ಅಳತೆಯಕ್ಕ ಸೆರಗಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಾರೆ.

ನಾದಿನಿ ಎದ್ದುಬಂದು ಸೊಂಟದ ಬಳೆ ಬಿಚ್ಚಿ ಹಲಗೆಯ ಪಕ್ಕದಲ್ಲಿಡುತ್ತಾರೆ. "ಹಲಗೆ ನಂಬಬೇಡಿ ಅಜ್ಜಿ. ಇದು ನಮ್ದೇ ಅಲ್ವಾ? ಬೆಳಿಗ್ಗೆ ಚಿಪ್ಪು ಇದ್ರೊಳಗಿಂದ್ಲೇ ಜಾರಿಬಿತ್ತು." ಅಷ್ಟು ಹೇಳಿ, ಅತ್ತಿಗೆಯತ್ತ ನೋಡದೆ ಹೊರಗೆ ನಡೆಯುತ್ತಾರೆ.

ಅಗೆತ ನಾಲ್ಕು ತಿಂಗಳು ಬಂದ್. ಮರಿಚಿಪ್ಪುಗಳನ್ನು ದಟ್ಟವಾಗಿರುವ ಕಡೆಯಿಂದ ತೆಗೆದು ಖಾಲಿ ಕೆಸರಿಗೆ ಹರಡುವ ಕೆಲಸಕ್ಕೆ ಎಂಟು ಹೆಂಗಸರನ್ನು ತೆಗೆದುಕೊಳ್ಳಲು ಕೇಂದ್ರ ಒಪ್ಪುತ್ತದೆ. ಉಳಿದ ಹನ್ನೆರಡು ಜನರ ಪ್ರಶ್ನೆ ಮೇಜಿನ ಮೇಲೆಯೇ ಉಳಿಯುತ್ತದೆ. ಅಳತೆಯಕ್ಕ ಅದನ್ನು ಕೊನೆಯ ಕಾಲಂನಲ್ಲಿ ಬರೆದುಕೊಳ್ಳುತ್ತಾರೆ: ಹನ್ನೆರಡು, ಖಾಲಿ ಬುಟ್ಟಿ. ನಾದಿನಿಯೂ ಆ ಹನ್ನೆರಡರಲ್ಲಿ ಒಬ್ಬರು.

ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ನಾದಿನಿ ಎಲ್ಲರ ತಟ್ಟೆ ಇಡುತ್ತಾರೆ. ಅತ್ತಿಗೆಯ ತಟ್ಟೆಯನ್ನೂ ಇಡುತ್ತಾರೆ, ಸ್ವಲ್ಪ ಸದ್ದಾಗಿ.

"ಇಟ್ಟಳಲ್ಲ, ಸಾಕು," ಎನ್ನುತ್ತಾರೆ ಅಳತೆಯಕ್ಕ. ಪಕ್ಕದಲ್ಲಿ ತಪ್ಪಾಗಿ ಹೊಡೆದ ಪಟ್ಟಿ ಕಿತ್ತ ಹಲಗೆ, ಸೊನ್ನೆಯ ಗೆರೆ ಈಗ ಸ್ಪಷ್ಟವಾಗಿ ಕಾಣುತ್ತಿದೆ. ವರದಿಯಲ್ಲಿ ಹೆಸರು ಬರಬೇಕೆಂಬ ಆಸೆಯಿಲ್ಲವೇ ಎಂದು ಕೇಳಿದರೆ, ಇಲ್ಲವೆಂದು ತಲೆಯಾಡಿಸುತ್ತಾರೆ.

"ನಾಲ್ಕು ತಿಂಗಳಾದ್ಮೇಲೆ ಮೊದಲನೇ ಚಿಪ್ಪನ್ನ ನಾನು ಅಳೆಯಲ್ಲ. ಅವಳ ಕೈಗೇ ಕೊಡ್ತೀನಿ. ಅವಳ ಬಳೇಲಿ ಅದು ನಿಲ್ಲಬೇಕು, ಅಷ್ಟೆ."