‘ಶಕ್ತಿ ಇದೆ, ಯುಕ್ತಿ ಸಾಲದು’

ಬೆಳಗಿನ ಐದು ಗಂಟೆ. ಬೆಟಗೇರಿಯ ಮಗ್ಗದ ಓಣಿಗಳಲ್ಲಿ ಇನ್ನೂ ಸದ್ದು ಎದ್ದಿಲ್ಲ. ಊರಂಚಿನ ಮೈದಾನದಲ್ಲಿ ಹನಮಂತವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಪುಟ್ಟಿ ಹಿಡಿದು, ನಡು ಬಗ್ಗಿಸಿ ನಡೆಯುತ್ತಿದ್ದಾರೆ. ಸಂಜೆ ಯಾರೋ ಕುಡಿದು ಒಡೆದು ಹೋದ ಬಾಟಲಿಯ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಪುಟ್ಟಿಗೆ ಹಾಕುತ್ತಾರೆ. ಬೆರಳಿಗೆ ತಾಗಿದರೆ ಬಾಯಲ್ಲಿಟ್ಟು ಚೀಪಿ ಮತ್ತೆ ಬಗ್ಗುತ್ತಾರೆ.

“ನಾ ಒಂದು ಚೂರು ಬಿಟ್ರ ಅದು ಯಾವ್ದರ ಹುಡಿಗಿ ಅಂಗಾಲಿಗೆ ಹೊಕ್ಕೊಂತೈತ್ರಿ. ಅರ್ಧಾ ಮಂದಿಗೆ ಬೂಟಿಲ್ಲ,” ಎನ್ನುತ್ತಾರೆ, ತಲೆ ಎತ್ತದೆ.

ಐದೂವರೆಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಮುಗಿಯುತ್ತದೆ. ಅಷ್ಟು ಹೊತ್ತಿಗೆ ನಾಗಾವಿ, ಹರ್ತಿ ಕಡೆಯ ಹುಡುಗಿಯರು ಟಂಟಂನಿಂದ ಇಳಿದು ಓಡಿ ಬರುತ್ತಾರೆ. ಇಪ್ಪತ್ತೆರಡು ಹುಡುಗಿಯರು, ಹದಿನಾಲ್ಕು ಹಾಕಿ ಸ್ಟಿಕ್ಕು, ಒಂಬತ್ತು ಚೆಂಡು. ಸ್ಟಿಕ್ಕು ಸಿಗದವರು ಸರದಿ ಬರುವ ತನಕ ಸುತ್ತ ಓಡುತ್ತಾರೆ. ಎರಡು ತಾಸು ಹನಮಂತವ್ವನ ಸೀಟಿ ಕೇಳುತ್ತಲೇ ಇರುತ್ತದೆ. ಎಂಟಕ್ಕೆ ಹುಡುಗಿಯರು ಶಾಲೆಯ ದಾರಿ ಹಿಡಿದರೆ ಅವರು ಕಸಬರಿಗೆ ಹಿಡಿಯುತ್ತಾರೆ. ಸರ್ಕಾರಿ ಕಾಗದದಲ್ಲಿ ಅವರ ಕೆಲಸ ಅದೊಂದೇ: ಮೈದಾನದ ಸ್ವಚ್ಛತೆ, ಗುತ್ತಿಗೆಯ ಮೇಲೆ. ಹಾಕಿ ಕಲಿಸುತ್ತಾರೆಂದು ಯಾವ ಕಾಗದದಲ್ಲೂ ಇಲ್ಲ.

ನಲವತ್ತೇಳು ವಯಸ್ಸಿನ ಹನಮಂತವ್ವ ಹುಟ್ಟಿದ್ದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ. ತಂದೆ ಬಾವಿ ತೋಡುತ್ತಿದ್ದವರು. ಹೈಸ್ಕೂಲು ಓದಲೆಂದು ಬೆಟಗೇರಿಯ ಸೋದರಮಾವನ ಮನೆಗೆ ಬಂದಾಗ ಡ್ರಿಲ್ ಮಾಸ್ತರು ಲಾಡಸಾಬರು ಕೈಗೊಂದು ಸ್ಟಿಕ್ಕು ಕೊಟ್ಟರು. ಹಾಕಿ ಎಂದರೆ ಜೀವ ಬಿಡುವ ಊರು ಅದು. ಒಂದು ವರ್ಷ ನೋಡಿ ಮಾಸ್ತರು ಆಕೆಯನ್ನು ಸೆಂಟರ್ ಹಾಫ್ ಜಾಗದಲ್ಲಿ ನಿಲ್ಲಿಸಿದರು. ಮೈದಾನದ ನಟ್ಟನಡುವಿನ ಜಾಗ. ಹಿಂದಿನಿಂದ ಬಂದ ಚೆಂಡನ್ನು ಯಾರಿಗೆ, ಯಾವಾಗ, ಯಾವ ಕಡೆಗೆ ಕೊಡಬೇಕೆಂದು ತೀರ್ಮಾನಿಸುವವಳು ಅಲ್ಲಿ ನಿಂತವಳೇ.

“ಪಂಕ್ತಿಯೊಳಗ ಬಡಸಾಕಿ ಇದ್ದಂಗ್ರಿ ಅಕಿ,” ಎಂದು ಹನಮಂತವ್ವ ವಿವರಿಸುತ್ತಾರೆ. “ಯಾರ ಎಲಿ ಖಾಲಿ ಆಗೇತಿ, ಯಾರಿಗೆ ಸಾಕಾಗೇತಿ, ಕೇಳದನ ತಿಳೀಬೇಕು. ಉಳದಾವರು ಚೆಂಡು ನೋಡ್ತಾರು. ಅಕಿ ಮಂದೀನ ನೋಡ್ತಾಳು.”

ಹದಿನೈದನೆಯ ವಯಸ್ಸಿಗೆ ಅವರನ್ನು ಕ್ರೀಡಾ ಹಾಸ್ಟೆಲ್ ಒಂದರ ಆಯ್ಕೆಗೆ ಕರೆದುಕೊಂಡು ಹೋದವರು ಲಾಡಸಾಬರೇ. ಆಟ ಮುಗಿದ ಮೇಲೆ ಮೇಜಿನ ಹಿಂದೆ ಕುಳಿತಿದ್ದ ಹಿರಿಯರೊಬ್ಬರು ಕರೆದು, ಯಾವ ಊರವ್ವಾ ಎಂದು ಕೇಳಿದರು. ಹೇಳಿದಳು. “ಊರಾಗ ಎಲ್ಲಿ ಬರ್ತೈತಿ ಮನಿ?” ಎಂದರು. “ಅಗಸಿ ಹೊರಗ್ರಿ ಸರ್,” ಎಂದಳು ಹುಡುಗಿ. ಊರಬಾಗಿಲಿನ ಆಚೆ ಇರುವುದು ದಲಿತರ ಕೇರಿಯೊಂದೇ. ಅವರು ಮತ್ತೇನೂ ಕೇಳಲಿಲ್ಲ. ಒಂದು ಸಾಲು ಬರೆದರು. ಲಾಡಸಾಬರು ಆ ಹಾಳೆಯನ್ನು ಓದಿದರು. ಗದಗಿನಲ್ಲಿ ಬಸ್ಸು ಇಳಿಯುವಾಗ ಹೇಳಿದರು: ಶಕ್ತಿ ಇದೆ, ಯುಕ್ತಿ ಸಾಲದು ಅಂತ ಬರದಾರವ್ವಾ.

ಹನಮಂತವ್ವನ ಆಟ ಅಲ್ಲಿಗೆ ಮುಗಿಯಿತು. ಹದಿನೆಂಟಕ್ಕೆ ಹಮಾಲಿ ಕೆಲಸದ ಯಂಕಪ್ಪನ ಜೊತೆ ಮದುವೆ. ಹತ್ತೊಂಬತ್ತು ವರ್ಷದ ಹಿಂದೆ ಈ ಮೈದಾನದ ಕಸಬರಿಗೆ ಕೈಗೆ ಬಂತು. ಗೋಡೆಗೆ ಚೆಂಡು ಹೊಡೆಯುತ್ತಿದ್ದ ಇಬ್ಬರು ಹುಡುಗಿಯರಿಗೆ ಒಂದು ದಿನ, “ಸ್ಟಿಕ್ ಹಂಗ ಹಿಡೀಬ್ಯಾಡ್ರಿ ಲೇ,” ಎಂದದ್ದೇ ಕಲಿಸುವುದರ ಮೊದಲ ಪಾಠ. ಅಂದಿನಿಂದ ಮುನ್ನೂರಕ್ಕೂ ಹೆಚ್ಚು ಹುಡುಗಿಯರು ಅವರ ಕೈಯಲ್ಲಿ ಆಡಿದ್ದಾರೆ. ಮೂವತ್ತನಾಲ್ಕು ಮಂದಿ ಬೇರೆ ಬೇರೆ ಕ್ರೀಡಾ ಹಾಸ್ಟೆಲ್‌ಗಳಿಗೆ ಆಯ್ಕೆಯಾಗಿದ್ದಾರೆ. ಅವರಲ್ಲಿ ಕೇರಿಯ ಹುಡುಗಿಯರು ಹದಿನೈದು. ಆ ಹದಿನೈದರಲ್ಲಿ ಸೆಂಟರ್ ಹಾಫ್ ಎಂದು ಆಯ್ಕೆಯಾದವರು ಎಷ್ಟು?

“ಸೊನ್ನಿರಿ,” ಎನ್ನುತ್ತಾರೆ. ದನಿ ಏರುವುದಿಲ್ಲ. “ಓಡಾಕ ಬೇಕು, ಅಡ್ಡ ನಿಲ್ಲಾಕ ಬೇಕು, ಬಡಿಸ್ಕೊಳ್ಳಾಕ ಬೇಕು. ನಡುವ ನಿಂದರಾಕ ಒಬ್ಬಾಕೀನೂ ಬ್ಯಾಡಾಗ್ಯಾಳು.”

ಆ ಸೊನ್ನೆಯ ಒಳಗೊಂದು ಕತೆ ಇದೆ. ಏಳು ವರ್ಷ ಅವರು ಅದನ್ನು ಯಾರಿಗೂ ಹೇಳಿರಲಿಲ್ಲ. ಆಗ ಹೇಳಿದ್ದರೆ ಇಬ್ಬರು ಹುಡುಗಿಯರ ಬಾಳಿಗೆ ಕುತ್ತಾಗುತ್ತಿತ್ತು. ಈಗ ಆ ಇಬ್ಬರೂ ಹಾಸ್ಟೆಲ್ ಬಿಟ್ಟಿದ್ದಾರೆ. ತಾವೇ ಮುಂದೆ ಬಂದು, ಹೇಳು ಅಕ್ಕಾ ಎಂದಿದ್ದಾರೆ.

ಒಬ್ಬಳು ಹರ್ತಿಯ ಸಪ್ನಾ. ಅಗಸಿ ಹೊರಗಿನ ಮನೆ, ಕಡ್ಡಿಯಂಥ ಮೈ. ಇನ್ನೊಬ್ಬಳು ಗದಗಿನ ಅಂಕಿತಾ. ಪೇಟೆಯಲ್ಲಿ ಮೂರು ತಲೆಮಾರಿನ ಅಂಗಡಿ, ಅಡ್ಡಹೆಸರು ಹೇಳಿದರೆ ಜಿಲ್ಲೆಯೇ ಗುರುತಿಸುವ ಮನೆತನ. ಎತ್ತರದ ಆಳು, ಬಿರುಗಾಳಿಯ ಹಾಗೆ ಓಡುತ್ತಿದ್ದಳು. ಇಬ್ಬರಿಗೂ ಆಗ ಹದಿನಾಲ್ಕು. ಸಪ್ನಾ ನಡುವೆ ನಿಂತು ಚೆಂಡು ಬಿಡುತ್ತಿದ್ದಳು, ಅಂಕಿತಾ ಅದರ ಹಿಂದೆ ಹಾರುತ್ತಿದ್ದಳು. ಲಕ್ಷ್ಮೇಶ್ವರದ ಟೂರ್ನಿಯಲ್ಲಿ ಈ ಜೋಡಿ ನಾಲ್ಕು ಪಂದ್ಯದಲ್ಲಿ ಹನ್ನೊಂದು ಗೋಲು ತಂದಿತ್ತು.

ಪಕ್ಕದ ಜಿಲ್ಲೆಯಲ್ಲಿ ಕ್ರೀಡಾ ಹಾಸ್ಟೆಲ್‌ನ ಎರಡು ದಿನದ ಆಯ್ಕೆಗೆ ಹನಮಂತವ್ವನೇ ಇಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಎಂಬತ್ತಾರು ಹುಡುಗಿಯರು, ಎಲ್ಲರಿಗೂ ಬಿಳಿ ಅಂಗಿ, ಎಲ್ಲರದೂ ಕತ್ತರಿಸಿದ ಕೂದಲು. ಎದೆಗೆ ನಂಬರಿನ ಬಟ್ಟೆ. ಅಂಕಿತಾಗೆ ಹನ್ನೊಂದು, ಸಪ್ನಾಗೆ ಹದಿನೇಳು. ಪೆಂಡಾಲಿನ ಕೆಳಗೆ ಕುಳಿತ ನಾಲ್ವರ ಮುಂದೆ ಒಂದೊಂದು ಪಟ್ಟಿ: ನಂಬರಿನ ಪಕ್ಕದಲ್ಲಿ ಹೆಸರು, ಊರು, ತಂದೆಯ ಕಸುಬು, ವರ್ಗ. ಇಬ್ಬರೂ ಸೆಂಟರ್ ಹಾಫ್ ಜಾಗಕ್ಕೇ ಹೆಸರು ಕೊಟ್ಟಿದ್ದರು. ಅಂಕಿತಾಳ ಅಪ್ಪನಿಗೆ ಆ ಜಾಗದ ಮೇಲೆಯೇ ಹಟ. ಹೀಗಾಗಿ ಎರಡು ಬೇರೆ ತಂಡಗಳಲ್ಲಿ ಇಬ್ಬರೂ ಅಲ್ಲಿಯೇ ಆಡಿದರು. ಮೊದಲ ದಿನ ಎಲ್ಲವೂ ಸರಿಯಾಗಿಯೇ ನಡೆಯಿತು.

ಎರಡನೆಯ ದಿನ ಬೆಳಿಗ್ಗೆ ನಂಬರಿನ ಬಟ್ಟೆಗಳನ್ನು ಜಮಖಾನೆಯ ಮೇಲೆ ರಾಶಿ ಹಾಕಿದ್ದರು. ಗಡಿಬಿಡಿಯಲ್ಲಿ ಒಬ್ಬರಿಗೊಬ್ಬರು ಪಿನ್ನು ಹಾಕಿಕೊಂಡು ಮೈದಾನಕ್ಕೆ ಓಡಿದರು. ಆಟ ಮುಗಿಸಿ ಬಂದು ಪಿನ್ನು ಬಿಚ್ಚುವಾಗಲೇ ಸಪ್ನಾ ನೋಡಿದ್ದು.

“ಅಕ್ಕಾ, ನಂಬರ ಅದಲ ಬದಲ ಆಗ್ಯಾವು. ನಾ ಅಂಕಿತಾಂದು ಹಾಕ್ಕೊಂಡ ಆಡೇನಿ.”

ಒಬ್ಬರ ನಂಬರಿನಲ್ಲಿ ಇನ್ನೊಬ್ಬರು ಆಡಿದರೆ ಇಬ್ಬರೂ ಎರಡು ವರ್ಷ ಹೊರಗೆ ಎಂದು ಬೆಳಿಗ್ಗೆಯಷ್ಟೇ ಮೈಕಿನಲ್ಲಿ ಕೂಗಿದ್ದರು. ಅಷ್ಟರಲ್ಲೇ ಅಂಕಗಳ ಹಾಳೆಯನ್ನು ಗೋಡೆಗೆ ಅಂಟಿಸಿದರು. ‘ಆಟದ ತಿಳಿವಳಿಕೆ’ ಎಂಬ ಕಾಲಂ, ಹತ್ತಕ್ಕೆ. ಮೊದಲ ದಿನ ಸಪ್ನಾಗೆ ನಾಲ್ಕು, ಅಂಕಿತಾಗೆ ಎಂಟು. ಎರಡನೆಯ ದಿನ ಸಪ್ನಾಗೆ ಮೂರು, ಅಂಕಿತಾಗೆ ಒಂಬತ್ತು.

ಹನಮಂತವ್ವ ಆ ಹಾಳೆಯನ್ನು ಎರಡೆರಡು ಸಲ ಓದಿದರು. ಎರಡನೆಯ ದಿನ ಅಂಕಿತಾಳ ಹೆಸರಿನಲ್ಲಿ ಆಡಿದವಳು ಸಪ್ನಾ. ಆ ಒಂಬತ್ತು ಅವಳದು. ಅದೇ ಹುಡುಗಿ, ಅದೇ ಜಾಗ, ಅದೇ ಆಟ. ತನ್ನ ಹೆಸರಿನಲ್ಲಿ ಆಡಿದಾಗ ನಾಲ್ಕು, ಪೇಟೆಯ ಹೆಸರಿನಲ್ಲಿ ಆಡಿದಾಗ ಒಂಬತ್ತು. ಅಂಕಿತಾಳದೂ ಹಾಗೆಯೇ. ತನ್ನ ಹೆಸರಿದ್ದಾಗ ಎಂಟು, ಸಪ್ನಾಳ ಹೆಸರು ಬಂದೊಡನೆ ಮೂರು. ಸಪ್ನಾಳ ಮುಂದೆ ಮೊದಲ ದಿನವೇ ಬರೆದಿದ್ದ ಷರಾ: ‘ಮೈಯಲ್ಲಿ ಶಕ್ತಿ ಇದೆ, ಯುಕ್ತಿ ಸಾಲದು. ಬ್ಯಾಕ್ ಜಾಗಕ್ಕೆ ತೆಗೆದುಕೊಳ್ಳಬಹುದು.’ ಬ್ಯಾಕ್ ಎಂದರೆ ಹಿಂದೆ, ಗೋಲಿನ ಮುಂದೆ ಅಡ್ಡ ನಿಂತು ಬಂದ ಚೆಂಡನ್ನು ತಡೆಯುವವಳು.

“ಮೂವತ್ತು ಕಿಲೋ ತೂಗ್ತಿದ್ದಿಲ್ರಿ ಆ ಹುಡಿಗಿ. ಅಕಿ ಮೈಯಾಗ ಶಕ್ತಿ ಎಲ್ಲಿ ಕಂಡ್ರು ಅವರು?” ಎಂದು ಹನಮಂತವ್ವ ಈಗಲೂ ಕೇಳುತ್ತಾರೆ. “ಅದಕ್ಕೂ ಇಪ್ಪತ್ತೈದು ವರ್ಷ ಮೊದಲ ನನಗ ಬರದದ್ದ ಮಾತು. ಒಂದ ಅಕ್ಷರ ಬದಲಾಗಿದ್ದಿಲ್ಲ.”

ಮನಸ್ಸು ತಡೆಯದೆ ಪೆಂಡಾಲಿಗೆ ಹೋದರು. ನಂಬರಿನ ಸುದ್ದಿ ಎತ್ತಲಿಲ್ಲ. ಸಪ್ನಾನ್ನ ನಡುವಿನ ಜಾಗದಾಗ ಇನ್ನೊಂದ ಸಲ ನೋಡ್ರಿ ಸರ್ ಎಂದಷ್ಟೇ ಕೇಳಿಕೊಂಡರು. ಆಯ್ಕೆಗಾರರು ಕೆಟ್ಟವರಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು.

“ನೋಡ್ರಿ ಹನಮಂತವ್ವಾರ, ನಿಮ್ಮ ಕಡಿ ಹುಡುಗ್ಯಾರು ಓಡಾಕ, ಗಟ್ಟಿಯಾಗಿ ನಿಲ್ಲಾಕ ಬಾಳ ಚಲೋ. ಅದು ರಕ್ತದಾಗ ಬಂದಿರ್ತೈತಿ. ತಲಿ ಓಡಸೂ ಜಾಗಾ ಬ್ಯಾರೆ. ನಾವು ಮೂವತ್ತು ವರ್ಷ ನೋಡೇವಿ,” ಎಂದು ಅವರಲ್ಲೊಬ್ಬರು ಸಮಾಧಾನದಿಂದಲೇ ತಿಳಿಸಿ ಹೇಳಿದರು. ಹನಮಂತವ್ವ ಚಹಾ ಕುಡಿದು ಎದ್ದು ಬಂದರು.

ಹೊರಗೆ ಅಂಕಿತಾ ಅಳುತ್ತಿದ್ದಳು. “ಹೇಳಿಬಿಡೂಣು ಅಕ್ಕಾ. ಆ ಒಂಬತ್ತು ನನ್ನವಲ್ಲ.”

ಸಪ್ನಾ ಅಳುತ್ತಿರಲಿಲ್ಲ. “ಹೇಳಿದ್ರ ನನಗ ಬ್ಯಾಕ್ ಜಾಗಾನೂ ಹೋಗ್ತೈತಿ. ಹಾಸ್ಟೆಲ್‌ನ್ಯಾಗ ಮೂರ ಹೊತ್ತು ಊಟ, ಪೀಯೂಸಿ ತನಕ ಸಾಲಿ. ಅವ್ವಗ ಏನಂತ ಹೇಳ್ಲಿ?”

ಹನಮಂತವ್ವ ಇಬ್ಬರ ಬಾಯಿಯನ್ನೂ ಮುಚ್ಚಿಸಿದರು. ಕೈಯಲ್ಲಿ ಪುರಾವೆ ಇತ್ತು. ಅದನ್ನು ತೋರಿಸಿದರೆ ಮೊದಲ ಪೆಟ್ಟು ಬೀಳುವುದು ಹರ್ತಿಯ ಹುಡುಗಿಗೇ ಎಂದು ಗೊತ್ತಿತ್ತು. “ಖರೆ ಹೇಳಾಕ ಅಂಜಿದಾಕಿ ಅಲ್ರಿ ನಾ. ಆದ್ರ ಆವತ್ತು ನನ್ನ ಖರೆಕ್ಕ ಅಕಿ ಅನ್ನ ಹೋಗ್ತಿತ್ತು,” ಎನ್ನುತ್ತಾರೆ.

ಹಾಸ್ಟೆಲ್‌ಗೆ ಹೊರಡುವ ಹಿಂದಿನ ದಿನ ಸಪ್ನಾ ಮೈದಾನಕ್ಕೆ ಬಂದು ಒಂದು ಮಾತು ಕೇಳಿದಳು. ಸಿಟ್ಟಿನಿಂದಲ್ಲ, ಸುಮ್ಮನೆ ನೆನಪಾದ ಹಾಗೆ. “ಅಕ್ಕಾ, ನಾ ಮೊದಲನೇ ದಿನ ಬಂದಾಗ ನೀನೂ ನನ್ನ ಹಿಂದ ನಿಲ್ಲಿಸಿದ್ದೆಲ್ಲಾ, ಯಾಕ?”

ಹುಡುಗಿ ಹೋದ ಮೇಲೆ ಹನಮಂತವ್ವ ಹಳೆಯ ಟೂರ್ನಿಗಳ ತಂಡದ ಪಟ್ಟಿಗಳನ್ನು ತೆಗೆದು ನೋಡಿದರು, ಹನ್ನೆರಡು ವರ್ಷದವು. ತಮ್ಮದೇ ಕೈಬರಹ. ಊರೊಳಗಿನ ಓಣಿಗಳ ಹುಡುಗಿಯರು ನಡುವೆ, ಮುಂದೆ. ಕೇರಿಯ ಹುಡುಗಿಯರು ಹಿಂದೆ. ವರ್ಷ ವರ್ಷವೂ ಹಾಗೆಯೇ. ಬ್ಯಾಕ್ ಆಗಿದ್ದ ಸಪ್ನಾ ನಡುವಿಗೆ ಬಂದದ್ದೂ ಒಂದು ದಿನ ಇನ್ನೊಬ್ಬಳಿಗೆ ಜ್ವರ ಬಂದಿತ್ತೆಂದು.

“ನನ್ನ ಕಣ್ಣಾಗೂ ಅದ ಧೂಳ ಬಿದ್ದಿತ್ರಿ,” ಎನ್ನುತ್ತಾರೆ. “ಅವರು ನನಗ ಮಾಡಿದ್ದನ್ನ ನಾ ನನ್ನ ಹುಡುಗ್ಯಾರಿಗೆ ಮಾಡಿದ್ದೆ. ಗಟ್ಟಿ ಅದಾಳು, ಹಿಂದ ಇರ್ಲಿ, ಅಂತ. ಎಷ್ಟು ಮಂದಿ ಸಪ್ನಾಗೋಳು ಹಿಂದ ನಿಂತ ನಿಂತ ಮನಿಗಿ ಹೋದ್ರೋ.”

ಅಂದಿನಿಂದ ಹೊಸದಾಗಿ ಬಂದ ಹುಡುಗಿಯ ಊರು, ಮನೆ, ಅಡ್ಡಹೆಸರು ಯಾವುದನ್ನೂ ಅವರು ಮೂರು ತಿಂಗಳು ಕೇಳುವುದಿಲ್ಲ. ಅಷ್ಟು ದಿನ ಪ್ರತಿಯೊಬ್ಬಳೂ ಪ್ರತಿಯೊಂದು ಜಾಗದಲ್ಲಿ ಆಡಲೇಬೇಕು. ಆಮೇಲೆಯೇ ಯಾರು ಎಲ್ಲಿ ಎಂಬ ತೀರ್ಮಾನ.

ಹಾಸ್ಟೆಲ್‌ನಲ್ಲಿ ನಡೆದದ್ದನ್ನು ಅಂಕಿತಾ ಹೇಳುತ್ತಾಳೆ. ಈಗ ಶಿರಹಟ್ಟಿಯ ಖಾಸಗಿ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಆಡಿಸುವ ಕೆಲಸ ಅವಳದು. “ನಾ ನಡುವ ನಿಂದರ್ತಿದ್ದೆ. ಎಲ್ಲಾರೂ ನನ್ನ ಮಾರಿ ನೋಡ್ತಿದ್ರು. ನನಗ ಏನೂ ತಿಳೀತಿರ್ಲಿಲ್ಲ. ಹಿಂದಿಂದ ಸಪ್ನಾ ‘ಎಡಕ್ಕ, ಎಡಕ್ಕ’ ಅಂತ ಒದರ್ತಿದ್ಲು, ನಾ ಎಡಕ್ಕ ಹೊಡೀತಿದ್ದೆ. ಶಾಬಾಸಕಿ ನನಗ ಬರ್ತಿತ್ತು. ಮುಂದ ಓಡಾಕ ಬಿಟ್ಟಿದ್ರ ನಾನೂ ಏನರ ಆಗ್ತಿದ್ನೇನೋ.” ಒಂದೂವರೆ ವರ್ಷಕ್ಕೆ ಅವಳು ಬಿಟ್ಟು ಬಂದಳು. ಆ ಜಾಗಕ್ಕೆ ಬೇರೆ ಊರಿನ ಹುಡುಗಿಯನ್ನು ತಂದರು. ಸಪ್ನಾಳನ್ನು ಯಾರೂ ಕೇಳಲಿಲ್ಲ.

ಸಪ್ನಾ ನಾಲ್ಕು ವರ್ಷ ಬ್ಯಾಕ್ ಆಗಿಯೇ ಆಡಿ, ಪಿಯುಸಿ ಮುಗಿಸಿ ಬಂದಳು. ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯಲ್ಲಿ ಈಗ ಸೀರೆ ತೋರಿಸುವ ಕೆಲಸ. ಮೈದಾನದ ಕಡೆಗೆ ಬರುವುದಿಲ್ಲ. “ಬಂದ ಚೆಂಡು ಹೊಡದೆ, ಬಂದ ಚೆಂಡು ಹೊಡದೆ. ಕಡೀಕ ನಾ ಖರೇನ ಅಷ್ಟಕ್ಕ ಲಾಯಕ್ ಐದೀನೇನೋ ಅನಿಸಾಕ ಹತ್ತಿತ್ರಿ. ಅದಕ್ಕ ಬಿಟ್ಟೆ,” ಎಂದು ಬಟ್ಟೆಯ ಥಾನು ಮಡಿಸುತ್ತಲೇ ಹೇಳುತ್ತಾಳೆ.

ಆ ಮೇಲೆಯೂ ಹನಮಂತವ್ವ ಕೇರಿಯ ಮೂವರು ಹುಡುಗಿಯರನ್ನು ಸೆಂಟರ್ ಹಾಫ್ ಎಂದೇ ಆಯ್ಕೆಗೆ ಕಳಿಸಿದ್ದಾರೆ. ಇಬ್ಬರನ್ನು ಬ್ಯಾಕ್ ಜಾಗಕ್ಕೆ ತೆಗೆದುಕೊಂಡರು. ಒಬ್ಬಳು, ನಡುವೆ ಆಡಿಸದಿದ್ದರೆ ಒಲ್ಲೆ ಎಂದು ತಿರುಗಿ ಬಂದಳು. ಸೊನ್ನೆ ಸೊನ್ನೆಯಾಗಿಯೇ ಉಳಿದಿದೆ. ಆಯ್ಕೆಯ ಪಟ್ಟಿಯಲ್ಲಿ ಹೆಸರು, ವರ್ಗ ಯಾಕೆ ಬೇಕು ಎಂದು ಎರಡು ಸಲ ಇಲಾಖೆಗೆ ಅರ್ಜಿ ಬರೆದರು. ಉತ್ತರ ಬಂದಿಲ್ಲ. ಮೈದಾನ ಗುಡಿಸುವವರಿಗೆ ಇದೆಲ್ಲ ಯಾಕೆ ಎಂದು ಗುತ್ತಿಗೆದಾರರು ಒಮ್ಮೆ ಗದರಿಸಿದ್ದುಂಟು.

ಎಂಟು ಗಂಟೆಯ ಬಿಸಿಲು ಗೋಲಿನ ಕಂಬ ದಾಟಿದೆ. ಹುಡುಗಿಯರು ಹೋಗಿ ಆಗಿದೆ. ಸನ್ಮಾನ, ಶಾಲು, ಪೇಪರಿನಲ್ಲಿ ಫೋಟೋ ಇದರಲ್ಲಿ ಏನಾದರೂ ಬೇಕೆ ಎಂದು ಕೇಳಿದರೆ ಹನಮಂತವ್ವ ಕಸಬರಿಗೆಯನ್ನು ಗೋಲಿನ ಕಂಬಕ್ಕೆ ಆನಿಸುತ್ತಾರೆ.

“ನನಗೇನೂ ಬ್ಯಾಡ್ರಿ. ಆ ಆಯ್ಕಿ ಹಾಳಿ ಮ್ಯಾಲ ನಂಬರ ಅಷ್ಟ ಇರ್ಲಿ. ಹುಡಿಗಿ ಆಡ್ಲಿ, ನೋಡ್ರಿ. ಮಾರ್ಕು ಹಾಕ್ರಿ, ಸಹಿ ಮಾಡ್ರಿ. ಆಮ್ಯಾಲ ಬೇಕಾದ್ರ ಹೆಸರ ಕೇಳ್ರಿ.”