ಕುಂಕುಮ ಹೆಚ್ಚಾಗಿದೆ

ನಮ್ಮ ಮನೆಯಲ್ಲಿ ಕುಂಕುಮ ಎಂದೂ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ದೇವರ ಜಗಲಿಯ ಮೇಲೆ ಹಿತ್ತಾಳೆಯ ಪುಟ್ಟ ಭರಣಿಯೊಂದಿದೆ. ಬೆರಳುಗಳು ಮುಟ್ಟಿ ಮುಟ್ಟಿ ಅದರ ಮುಚ್ಚಳ ನುಣ್ಣಗಾಗಿದೆ. ಭರಣಿಯ ತಳ ಕಾಣತೊಡಗಿದ ದಿನ ನನ್ನ ಹೆಂಡತಿ ಗಿರಿಜಾ ಒಳಗಿನಿಂದ ಕೂಗಿ ಹೇಳುತ್ತಾಳೆ: "ಕುಂಕುಮ ಹೆಚ್ಚಾಗೇತ್ರೀ, ಪ್ಯಾಟಿಗೆ ಹೋದಾಗ ತರ್ರಿ." ಹೆಚ್ಚಾಗಿದ್ದರೆ ಮತ್ತೆ ಏಕೆ ತರಬೇಕು ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. ಇಷ್ಟು ಓದಿದವನಿಗೆ ಅಷ್ಟೂ ತಿಳಿಯದೇ ಎಂಬ ಮರುಕದಿಂದ ಅವಳು ನನ್ನನ್ನು ನೋಡಿದಳು. ಅಂದಿನಿಂದ ನಾನು ಕೇಳಿಲ್ಲ, ಸುಮ್ಮನೆ ತಂದುಕೊಟ್ಟಿದ್ದೇನೆ.

ನಿಮ್ಮ ಮನೆಯಲ್ಲೂ ಹೀಗೇ ಇದ್ದೀತು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ದೀಪವನ್ನು ಯಾರೂ ಆರಿಸುವುದಿಲ್ಲ, ಶಾಂತ ಮಾಡುತ್ತಾರೆ. ಹೊಸ್ತಿಲು ದಾಟುವವರು ಹೋಗುತ್ತೇನೆ ಎನ್ನದೆ ಬರುತ್ತೇನೆ ಎಂದೇ ಹೊರಡುತ್ತಾರೆ. ಈ ಎಚ್ಚರವೆಲ್ಲ ಅಸ್ತು ದೇವತೆಗಳ ಸಲುವಾಗಿ. ದೀಪ ಹಚ್ಚುವ ಹೊತ್ತಿಗೆ ಅವರು ಮನೆಗಳ ಮಾಳಿಗೆಯ ಮೇಲಿಂದ ಹಾದುಹೋಗುತ್ತಾರಂತೆ, ಕೆಳಗಿನಿಂದ ಯಾವ ಮಾತು ಕಿವಿಗೆ ಬಿದ್ದರೂ 'ಅಸ್ತು', ಹಾಗೇ ಆಗಲಿ, ಎಂದುಬಿಡುತ್ತಾರಂತೆ. ಪಾಪ, ಅವರಿಗೆ ಸಿಟ್ಟಿನ ಮಾತು ಯಾವುದು, ಚೇಷ್ಟೆಯ ಮಾತು ಯಾವುದು ಎಂಬ ಭೇದ ತಿಳಿಯದು. ಕಾಗದ ಓದದೆಯೇ ಸಹಿ ಹಾಕುವ ಸಾಹೇಬರ ಜಾತಿ ಅವರದು. ಆದ್ದರಿಂದ ನಾಲಿಗೆಯನ್ನು ನಾವೇ ಬಿಗಿಹಿಡಿಯಬೇಕು.

ಇಂಥ ಮನೆಯಲ್ಲಿ ಇದ್ದುಕೊಂಡು ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಹೊಟ್ಟೆ ಹೊರೆದದ್ದು ಮಾತ್ರ ಆಗದ ಮಾತುಗಳನ್ನು ಆಡಲು ಕಲಿಸಿ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ದಿನಾಲು ಹುಬ್ಬಳ್ಳಿಯಿಂದ ಬಸ್ಸು ಹಿಡಿದು, ರಾಯಾಪುರ ದಾಟುವಷ್ಟರಲ್ಲಿ ಅಂದಿನ ಪಾಠವನ್ನು ಮನಸ್ಸಿನಲ್ಲಿ ಒಮ್ಮೆ ತಿರುವಿಹಾಕಿಕೊಳ್ಳುತ್ತಿದ್ದೆ. ಇಂಗ್ಲಿಷಿನಲ್ಲಿ 'ಐ' ಎಂಬುದರ ಮಗ್ಗುಲಿಗೆ 'ವಾಸ್' ಬರಬೇಕು, 'ವರ್' ಬರಕೂಡದು ಎಂದು ಎಂಟನೆಯ ಇಯತ್ತೆಯಿಂದ ಗದರಿಸಿ ಗದರಿಸಿ ಕಲಿಸಿದವನೇ, ಹತ್ತನೆಯದರಲ್ಲಿ 'ಇಫ್ ಐ ವರ್ ಅ ಬರ್ಡ್' ಎಂದು ಹಲಗೆಯ ಮೇಲೆ ಬರೆದಾಗ ಮಕ್ಕಳ ಮುಖದಲ್ಲಿ ಮೋಸಹೋದವರ ಕಳೆ ಮೂಡುತ್ತಿತ್ತು. ನಾನು ಹಕ್ಕಿಯಲ್ಲ, ಆಗುವುದೂ ಇಲ್ಲ; ಇಲ್ಲದ್ದನ್ನು ಇದ್ದಂತೆ ಭಾವಿಸಿ ಆಡುವಾಗ ಈ ಭಾಷೆ ಬೇಕೆಂದೇ ತನ್ನ ನಿಯಮವನ್ನು ತಾನು ಮುರಿದು, ಇದು ಖರೆಯಲ್ಲವೆಂದು ಕೇಳುವವರಿಗೆ ಕಣ್ಣು ಮಿಟುಕಿಸಿ ಹೇಳುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಒಬ್ಬ ಹುಡುಗಿ ಎದ್ದು ನಿಂತು, "ಸರ, ಆಗಂಗಿಲ್ಲಂತ ಗೊತ್ತಿದ್ದ ಮ್ಯಾಲೆ ಅದನ್ಯಾಕ ಅನ್ನಬೇಕ್ರೀ?" ಎಂದು ಕೇಳಿದಳು. ನಾನು, "ಪರೀಕ್ಷಾದಾಗ ಎರಡು ಮಾರ್ಕ್ಸಿಗೆ ಬರ್ತೈತೆವಾ, ಅದಕ್ಕ" ಎಂದು ಕೂರಿಸಿದೆ. ಆ ಹುಡುಗಿಗೆ ಇನ್ನೂ ಉತ್ತರ ಕೊಡಬೇಕಾಗಿದೆ ಎಂದು ಈಗೀಗ ಅನ್ನಿಸುತ್ತದೆ.

ನಿವೃತ್ತಿಯಾದ ಮೇಲೆ ವಿದ್ಯಾನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಮಂದಿ ದೊಡ್ಡವರಿಗೆ, ಹೆಚ್ಚಾಗಿ ನರ್ಸುಗಳಿಗೆ, ಸಂಜೆ ಇಂಗ್ಲಿಷ್ ಹೇಳಿಕೊಡತೊಡಗಿದೆ. ಒಂದು ದಿನ ಸರಿಯಾಗಿ ದೀಪ ಹಚ್ಚುವ ಹೊತ್ತಿಗೇ ದೊಡ್ಡ ದನಿಯಲ್ಲಿ 'ಇಫ್ ಐ ವರ್ ಬ್ಲೈಂಡ್' ಎಂದು ಉದಾಹರಣೆ ಕೊಟ್ಟು, ಸಾಲದ್ದಕ್ಕೆ ನಾನು ಕುರುಡನಾಗಿದ್ದರೆ ಎಂದು ಅರ್ಥವನ್ನೂ ಬಿಡಿಸಿ ಹೇಳಿಬಿಟ್ಟೆ. ಗಿರಿಜಾ ಕಡ್ಡಿಪೆಟ್ಟಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಏನ್ರೀ ಇದು, ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ಮಾತು!"

"ಇಂಗ್ಲಿಷಿನ್ಯಾಗ ಇದು ಖರೇ ಅಲ್ಲಂತ ಮೊದಲ ಹೇಳಿ ಆಡೂ ಮಾತು, ಏನೂ ಆಗಂಗಿಲ್ಲ" ಎಂದೆ.

"ನಿಮಗ ಗೊತ್ತೈತಿ. ಅಸ್ತು ದೇವತಿಗೋಳು ನಿಮ್ಮ ಸಾಲಿಗೆ ಬಂದು ಕಲ್ತಾರೇನು?"

ನರ್ಸುಗಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮರುದಿನದಿಂದ ನನ್ನ ಪಾಠ ಬೆಳಗಿನ ಹೊತ್ತಿಗೆ ವರ್ಗವಾಯಿತು.

ಕಳೆದ ಚಳಿಗಾಲದಲ್ಲಿ ಗಿರಿಜಾಳ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಅವಳ ಪಕ್ಕದ ಮಂಚದಲ್ಲಿ ಹಳ್ಳಿಯಿಂದ ಬಂದ ಎಳೆಯ ಹುಡುಗಿಯೊಬ್ಬಳಿದ್ದಳು. ಹಸುಗೂಸಾಗಿದ್ದಾಗಲೇ ಎರಡೂ ಕಣ್ಣಿನ ಮೇಲ್ಪದರ ಬೆಳ್ಳಗಾಗಿ, ತೀರಿಕೊಂಡವರು ಯಾರಾದರೂ ಬಿಟ್ಟುಹೋಗುವ ಕಣ್ಣಿಗಾಗಿ ಕಾಯುತ್ತಿದ್ದಳು. ಆ ಹುಡುಗಿ ಗಿರಿಜಾಳ ಕೈ ಹಿಡಿದು ಒಂದೊಂದೇ ಬಳೆ ಮುಟ್ಟಿ ಎಣಿಸುತ್ತ, "ಯಾ ಬಣ್ಣದ್ದು ಅಜ್ಜೀ ಇವು?" ಎಂದು ಕೇಳಿದಳು. ಹಸಿರು ಎಂದಳಂತೆ ಇವಳು. "ಹಸರು ಅಂದ್ರ ಹ್ಯಾಂಗ ಇರ್ತೈತಿ?" ಎಂದು ಹುಡುಗಿ ಮತ್ತೆ ಕೇಳಿದಾಗ ಇವಳಿಗೆ ಹೇಳಲು ಬರಲಿಲ್ಲ. ಮನೆಗೆ ಹೊರಟಾಗ ಕಪ್ಪು ಕನ್ನಡಕದ ಜೊತೆಗೆ ನೇತ್ರದಾನದ ಒಂದು ಫಾರ್ಮು ಇಸಿದುಕೊಂಡು ಬಂದಳು.

ಫಾರ್ಮು ಇಂಗ್ಲಿಷಿನಲ್ಲಿತ್ತು, ಓದಿ ಹೇಳುವ ಕೆಲಸ ಸಹಜವಾಗಿಯೇ ಮಾಸ್ತರನ ಪಾಲಿಗೆ ಬಂತು. ಮೊದಲ ಸಾಲಿನಲ್ಲೇ ಒಂದು ಶಬ್ದವಿತ್ತು. ಮೂವತ್ತು ವರ್ಷ ಕಲಿಸಿದ ಭಾಷೆಯ ಅತಿ ಸರಳ ಶಬ್ದ, ಐದನೆಯ ಇಯತ್ತೆಯವರಿಗೂ ಬರುವಂಥದು. ನಾನು ಅದನ್ನು ಹಾರಿಸಿಬಿಟ್ಟೆ. "ಅದಾದ ಮ್ಯಾಲೆ ನನ್ನ ಕಣ್ಣು ದಾನಾ ಕೊಡ್ತೇನಂತ ಐತಿ" ಎಂದೆ.

"ಅದಾದ ಮ್ಯಾಲೆ ಅಂದ್ರ? ಊಟಾ ಆದ ಮ್ಯಾಲೇನು?" ಎಂದು ಗಿರಿಜಾ ನಕ್ಕಳು. ಆಮೇಲೆ ತಾನೇ ಹೇಳಿದಳು: "ಸತ್ತ ಮ್ಯಾಲೆ ಅನ್ರಿ. ಈಗಿನ್ನ ಹಗಲು ಐತಿ."

ತನ್ನ ಹೆಸರಿನ ಮುಂದೆ ದುಂಡಗೆ ಸಹಿ ಮಾಡಿ, ಮನೆಯವರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕಾದ ಜಾಗವನ್ನು ನನಗೆ ತೋರಿಸಿದಳು. ಪೆನ್ನಿನಲ್ಲಿ ಶಾಯಿ ಇಲ್ಲ ಎಂದೆ, ನಾಳೆ ನೋಡೋಣ ಎಂದೆ. ಅವಳು ಫಾರ್ಮನ್ನು ಕುಂಕುಮದ ಭರಣಿಯ ಕೆಳಗೆ ಇಟ್ಟಳು. ಆ ನಾಳೆ ಎರಡು ತಿಂಗಳು ಬರಲಿಲ್ಲ.

ಅವಳಿಲ್ಲದಾಗ ನಾನು ಆ ಕಾಗದದ ಹಿಂಬದಿಯನ್ನು ಓದಿದೆ. ಮನೆಯವರು ಮಾಡಬೇಕಾದ ಕೆಲಸಗಳು ಅಲ್ಲಿ ಅಚ್ಚಾಗಿದ್ದವು: ಆರು ತಾಸಿನೊಳಗೆ ಫೋನು ಮಾಡಬೇಕು, ರೆಪ್ಪೆ ಮುಚ್ಚಿ ಅದರ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಡಬೇಕು, ಫ್ಯಾನು ಬಂದ್ ಮಾಡಬೇಕು. ಕೊನೆಯದು ನನ್ನನ್ನು ಅಲುಗಾಡಿಸಿಬಿಟ್ಟಿತು. ಚಳಿಗಾಲದಲ್ಲೂ ಫ್ಯಾನಿಲ್ಲದೆ ನಿದ್ದೆ ಬಾರದವಳು ಗಿರಿಜಾ. ಆ ಫ್ಯಾನಿಗಾಗಿ ನಾವು ಮಾಡಿದಷ್ಟು ಜಗಳ ಬೇರೆ ಯಾವುದಕ್ಕೂ ಮಾಡಿಲ್ಲ. ಆ ಗುಂಡಿಯನ್ನು ನಾನು ಒತ್ತಬೇಕು, ಅವಳು ಬೈಯುವುದಿಲ್ಲ. ಆ ದಿನ ನಾನು ಊಟ ಮಾಡಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿದೆ.

ನನ್ನ ಗೊಂದಲ ಏನೆಂದು ನಿಮಗೆ ಸರಿಯಾಗಿ ಹೇಳಬಲ್ಲೆನೋ ಇಲ್ಲವೋ. ಆ ಇಡೀ ಕಾಗದದಲ್ಲಿ ನಾನು 'ಇಫ್' ಎಂಬುದನ್ನು ಹುಡುಕಿದೆ, ಇರಲಿಲ್ಲ. ಒಂದು ವೇಳೆ ಎಂಬ ಮಾತೇ ಇಲ್ಲ. ಹಕ್ಕಿಯಾಗಿದ್ದರೆ, ರಾಜನಾಗಿದ್ದರೆ ಎಂದು ಹಲಗೆಯ ತುಂಬ ಬರೆದು ಅಳಿಸುವಾಗ ನನಗೆ ಭಯವಿರಲಿಲ್ಲ, ಯಾಕೆಂದರೆ ಅವು ಆಗುವಂಥವಲ್ಲ. ಆಗಿಯೇ ತೀರುವುದನ್ನು ಹೇಳಲು ಇಂಗ್ಲಿಷಿಗೆ ಯಾವ ವೇಷವೂ ಬೇಕಿಲ್ಲ, ಅದು ಬರಿ ಮೈಯಲ್ಲೇ ಬಂದು ನಿಲ್ಲುತ್ತದೆ. ಹಾಗಾದರೆ ನಮ್ಮವರು ಕುಂಕುಮ ಹೆಚ್ಚಾಗಿದೆ ಎನ್ನುವುದು ಹೆದರಿಕೆಯೇ, ಸುಳ್ಳೇ, ಅಥವಾ ಇಂಗ್ಲಿಷಿಗೂ ತಿಳಿಯದ ಬೇರೊಂದು ಜಾಣತನವೇ? ಅಸ್ತು ದೇವತೆಗಳನ್ನು ನಾನು ನಂಬುವುದಿಲ್ಲ ಎಂದು ಎಷ್ಟೋ ಸಲ ವಾದಿಸಿದ್ದೇನೆ. ನಂಬದವನು ಸಹಿ ಹಾಕಲು ಯಾಕೆ ನಡುಗಬೇಕು?

ಇನ್ನೂ ಒಂದು ಮುಳ್ಳು ಒಳಗೆ ಚುಚ್ಚುತ್ತಿತ್ತು. ಸಾಕ್ಷಿಯ ಜಾಗವನ್ನು ನನಗೆ ತೋರಿಸುವಾಗ, ತಾನೇ ಮೊದಲು ಹೋಗುವವಳು ಎಂದು ಗಿರಿಜಾ ಲೆಕ್ಕ ಹಾಕಿಯೇಬಿಟ್ಟಿದ್ದಳು. ಹಣೆಯ ಕುಂಕುಮ ಇರುವಾಗಲೇ ಹೋಗಬೇಕೆಂಬುದು ನಮ್ಮ ಕಡೆಯ ಹೆಣ್ಣುಮಕ್ಕಳ ಹಳೆಯ ಆಸೆ. ಅಶುಭದ ಮಾತು ಆಡಬೇಡಿರೆಂದು ನನ್ನ ಬಾಯಿ ಮುಚ್ಚಿಸುತ್ತಿದ್ದವಳು, ನಲವತ್ತು ವರ್ಷ ಪ್ರತಿ ಸಂಜೆ ದೀಪದ ಮುಂದೆ ಕಣ್ಣು ಮುಚ್ಚಿ ಅದನ್ನೇ ಬೇಡಿಕೊಳ್ಳುತ್ತಿದ್ದಳೇ? ಅದೂ ಅಸ್ತು ದೇವತೆಗಳು ಹಾಯುವ ಹೊತ್ತಿನಲ್ಲೇ? ನನಗೆ ಅವಳ ಮೇಲೆ ಸಿಟ್ಟು ಬಂತು. ಯಾರ ಮೇಲೆ ತೋರಿಸಬೇಕೆಂದು ತಿಳಿಯದೆ ಎರಡು ದಿನ ನರ್ಸುಗಳ ತಪ್ಪುಗಳ ಮೇಲೆ ತೋರಿಸಿದೆ.

ಕಳೆದ ವಾರ ಬೆಳಿಗ್ಗೆ ಪಾಠ ಮುಗಿದ ಮೇಲೆ ಗಿರಿಜಾ ಫಾರ್ಮು ಮತ್ತು ಪೆನ್ನು ಎರಡನ್ನೂ ತಂದು ನನ್ನ ಮುಂದಿಟ್ಟು ಕುಳಿತಳು.

"ಒಂದು ಕೇಳ್ತೇನಿ, ಹೇಳ್ರಿ. ನನ್ನ ಜಾಗಾದಾಗ ನೀವು ಇದ್ದಿದ್ರ ಏನ್ ಮಾಡ್ತಿದ್ರಿ?"

ಈ ವಾಕ್ಯವನ್ನು ಎಷ್ಟು ಸಾವಿರ ಮಕ್ಕಳಿಂದ ಬರೆಯಿಸಿದ್ದೇನೋ! ನನ್ನನ್ನೇ ಯಾರಾದರೂ ಕೇಳಬಹುದೆಂದು ಎಣಿಸಿರಲಿಲ್ಲ. "ಕೊಡ್ತಿದ್ದೆ" ಎಂದೆ.

"ಮತ್ತ ಯಾಕ ತಡಾ?"

"ನಿನ್ನ ಜಾಗಾದಾಗ ಇದ್ದಿದ್ರ ಕೊಡ್ತಿದ್ದೆ. ನಾ ನನ್ನ ಜಾಗಾದಾಗ ಅದೇನಿ ಗಿರಿಜಾ. ಇಲ್ಲಿಂದ ಆಗವಲ್ದು."

ಅವಳು ಪೆನ್ನಿನ ಟೊಪ್ಪಿಗೆ ತೆಗೆದು ನನ್ನ ಕಡೆ ಸರಿಸಿದಳು. ಆಮೇಲೆ, ಪೇಟೆಗೆ ಹೋದಾಗ ಏನು ತರಬೇಕೆಂದು ಹೇಳುವ ಅದೇ ದನಿಯಲ್ಲಿ ಹೇಳಿದಳು: "ಕಣ್ಣು ಹೋಗೂದಿಲ್ರೀ. ಹೆಚ್ಚಾಗ್ತಾವ. ಆ ಹುಡುಗಿಗಿ ಹಸರು ಹ್ಯಾಂಗ ಇರ್ತೈತಂತ ಗೊತ್ತಾಗ್ತೈತಿ."

ನಾನು ಸಹಿ ಮಾಡಿದೆ. ನನ್ನ ಹೆಸರು ಬೇರೆ ಯಾರದೋ ಹೆಸರಿನ ಹಾಗೆ ಕಂಡಿತು.

ಫಾರ್ಮನ್ನು ಆಸ್ಪತ್ರೆಗೆ ಮುಟ್ಟಿಸಿದಾಗ ನಾನು ಇನ್ನೊಂದನ್ನು ಕೇಳಿ ಇಸಿದುಕೊಂಡೆ. ಅದು ಕನ್ನಡದ್ದು, ಅವಳೇ ಓದಿಕೊಳ್ಳಲಿ ಎಂದು. ಬರುವಾಗ ದಾರಿಯ ಅಂಗಡಿಯಲ್ಲಿ, "ಕುಂಕುಮ ಹೆಚ್ಚಾಗೇತಿ, ಕೊಡ್ರಿ" ಎಂದೆ. ಅಂಗಡಿಯವರು ವಿಚಿತ್ರವೇನೂ ಕಾಣದೆ ಪೊಟ್ಟಣ ಕಟ್ಟಿಕೊಟ್ಟರು. ಮನೆಗೆ ಬಂದು ನನ್ನ ಹೆಸರು ತುಂಬಿ, ಸಹಿ ಹಾಕಿ, ಸಾಕ್ಷಿಯ ಜಾಗವನ್ನು ಗಿರಿಜಾಳಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಮುಂಬದಿಯನ್ನು ಓದಿದಳು, ಹಾಳೆ ತಿರುವಿ ಹಿಂಬದಿಯನ್ನೂ ನಿಧಾನವಾಗಿ ಓದಿದಳು. ಓದುತ್ತ ಓದುತ್ತ ಒಮ್ಮೆ ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು.

"ದೀಪಾ ಹಚ್ಚೂ ಹೊತ್ತಾತು. ನಾಳೆ ಮಾಡ್ತೇನಿ" ಎಂದು ಎದ್ದಳು. ಹೊರಗೆ ಇನ್ನೂ ಉರಿಬಿಸಿಲಿತ್ತು.

ಭರಣಿ ಈಗ ಕಂಠದ ತನಕ ತುಂಬಿದೆ. ಅದರ ಕೆಳಗೆ ನನ್ನ ಫಾರ್ಮು ಹಾಗೇ ಇದೆ. ಇಂದಿಗೆ ಆರು ದಿನವಾಯಿತು. ಅವಳು ಸಹಿ ಹಾಕಿಲ್ಲ, ನಾನೂ ಕೇಳಿಲ್ಲ.